ಖಾಸಗಿ ಹೊಲದಲ್ಲಿ ಹಳೇ ಯುದ್ಧದ ಸಾಮಾನು: ಡಿಟೆಕ್ಟರ್ ಹಿಡಿದು ಹೋಗುವ ಮುಂಚೆ ಏನೇನು ನೋಡಬೇಕು?

ಹೊಸಬ
ಎಲ್ಲರಿಗೂ ನಮಸ್ಕಾರ. ಪರಿಚಯದ ಹಿರಿಯರೊಬ್ಬರ ಹೊಲದಲ್ಲಿ ಉಳುವಾಗ ಆಗಾಗ ಬೂದು ಬಣ್ಣದ ಗುಂಡುಗಳು ಮೇಲೆ ಬರುತ್ತವೆ. ಗೋಲಿಯಷ್ಟು ದಪ್ಪ, ಕೈಗೆ ತಗೊಂಡರೆ ಭಾರ. ಒಂದೆರಡು ಚಪ್ಪಟೆಯಾಗಿವೆ. ಹಿಂದೆ ಯಾವುದೋ ಕಾಲದಲ್ಲಿ ಅಲ್ಲಿ ಸೈನ್ಯ ಬೀಡು ಬಿಟ್ಟಿತ್ತು ಎಂದು ಅವರ ಮನೆಯಲ್ಲಿ ಹೇಳುತ್ತಾರೆ. ನೆಲದೊಳಗಿನ ಲೋಹ ಪತ್ತೆ ಮಾಡುವ ಡಿಟೆಕ್ಟರ್ ತಂದು ಹುಡುಕಲಾ ಎಂದು ಕೇಳಿದೆ. "ಧಾರಾಳವಾಗಿ ಬಾ, ಬೆಳೆ ತುಳಿಯಬೇಡ ಅಷ್ಟೇ" ಅಂದರು.

ನನಗೆ ಮಷಿನ್ ಬಗ್ಗೆ ಏನೂ ಗೊತ್ತಿಲ್ಲ. ಎಂಥದ್ದು ತಗೊಳ್ಳಬೇಕು? ಹುಡುಕುವ ರೀತಿ ಹೇಗೆ? ಸಿಕ್ಕಿದ್ದು ಯಾರಿಗೆ ಸೇರುತ್ತದೆ? ಯಾರಿಗಾದರೂ ಹೇಳಬೇಕಾ? ಅವರ ಜಗಲಿ ಮೇಲೆ ತುಕ್ಕು ಹಿಡಿದ ಒಂದು ದೊಡ್ಡ ಕಬ್ಬಿಣದ ಗುಂಡು ಕೂಡ ಇದೆ. ಅದೂ ಅದೇ ಹೊಲದ್ದಂತೆ. ಅದನ್ನು ಕ್ಲೀನ್ ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಹೇಗೆ ಮಾಡುವುದು ಎಂದು ಅದನ್ನೂ ತಿಳಿಸಿ.

ಬೀಪ್‌ಬೀಪ್
ಒಳ್ಳೇ ಜಾಗ ಸಿಕ್ಕಿದೆ ನಿಮಗೆ! ಮಷಿನ್ ಬಗ್ಗೆ ನಾನು ಹೇಳುತ್ತೇನೆ.

ಮಾರ್ಕೆಟ್ಟಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ವಿಎಲ್‌ಎಫ್ (ತೀರಾ ಕಡಿಮೆ ಆವರ್ತನದ್ದು), ಇನ್ನೊಂದು ಪಲ್ಸ್ ಇಂಡಕ್ಷನ್ (ಬಿಟ್ಟು ಬಿಟ್ಟು ಕರೆಂಟ್ ಹೊಡೆಯುವುದು). ಎರಡರಲ್ಲೂ ಮೂಲ ಸಂಗತಿ ಒಂದೇ. ಕಾಯಿಲ್‌ನಲ್ಲಿ, ಅಂದರೆ ತುದಿಯ ತಂತಿ ಸುರುಳಿಯಲ್ಲಿ, ಬದಲಾಗುತ್ತಾ ಇರುವ ಕರೆಂಟ್ ಹರಿಯುತ್ತದೆ, ಅದರಿಂದ ನೆಲದೊಳಗಿನ ಲೋಹದಲ್ಲಿ ಸಣ್ಣ ಸುಳಿ ಕರೆಂಟ್ ಹುಟ್ಟುತ್ತದೆ, ಅದು ತಿರುಗಿ ಕಾಯಿಲ್‌ಗೆ ಸುದ್ದಿ ಕೊಡುತ್ತದೆ. ವಿಎಲ್‌ಎಫ್ ಮಷಿನ್ ಆ ಸುದ್ದಿ ಎಷ್ಟು ತಡವಾಗಿ ಬಂತು ಎನ್ನುವುದನ್ನು ಅಳೆದು ಸ್ಕ್ರೀನ್ ಮೇಲೆ ಒಂದು ನಂಬರ್ ತೋರಿಸುತ್ತದೆ. ಕಬ್ಬಿಣಕ್ಕೆ ಕಡಿಮೆ ನಂಬರ್, ತಾಮ್ರ ಬೆಳ್ಳಿಗೆ ಜಾಸ್ತಿ. ಸೀಸದ ಗುಂಡು ಮಧ್ಯದಲ್ಲಿ ಎಲ್ಲೋ ಬರುತ್ತದೆ. ತೊಂದರೆ ಏನೆಂದರೆ ಡಬ್ಬಿಯ ಮುಚ್ಚಳದ ರಿಂಗು, ಅಲ್ಯುಮಿನಿಯಂ ಚೂರು ಎಲ್ಲ ಅದೇ ಮಧ್ಯದಲ್ಲೇ ಕೂತಿರುತ್ತವೆ. ಹಾಗಾಗಿ ಮಧ್ಯದ ನಂಬರ್ ಬಂದರೆ ಅಗೆದೇ ನೋಡಬೇಕು, ಬೇರೆ ದಾರಿ ಇಲ್ಲ.

ಪಲ್ಸ್ ಇಂಡಕ್ಷನ್ ಮಷಿನ್ ಖನಿಜ ಜಾಸ್ತಿ ಇರುವ ಮಣ್ಣಿನಲ್ಲಿ ಇನ್ನೂ ಆಳಕ್ಕೆ ಕೇಳುತ್ತದೆ. ಆದರೆ ಯಾವ ಲೋಹ ಎಂದು ಸರಿಯಾಗಿ ಹೇಳುವುದಿಲ್ಲ. ಮೊಳೆಗೂ ಕೂಗುತ್ತದೆ, ಪದಕಕ್ಕೂ ಕೂಗುತ್ತದೆ. ಶುರುಮಾಡುವವರಿಗೆ ವಿಎಲ್‌ಎಫ್ ಸಾಕು. ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿನದೇ ಸದ್ದನ್ನು ಕಳೆಯುವ ಹೊಂದಾಣಿಕೆ) ಕೈಯಿಂದ ಸರಿಪಡಿಸಲು ಬರುವಂಥದ್ದೇ ನೋಡಿ. ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ ಇದ್ದರೆ ನೆಲವೇ ಕೂಗಲು ಶುರುಮಾಡುತ್ತದೆ, ಆಗ ಅದು ಬೇಕೇ ಬೇಕು.

ನಾಣ್ಯ ಹುಡುಕುವವರು ಡಿಸ್ಕ್ರಿಮಿನೇಷನ್ ಹಾಕಿ ಕಬ್ಬಿಣದ ಸದ್ದನ್ನೆಲ್ಲ ಬಂದ್ ಮಾಡುತ್ತಾರೆ. ಯುದ್ಧದ ಸಾಮಾನು ಹುಡುಕುವವರಿಗೆ ಆ ಅಭ್ಯಾಸ ಬೇಡ. ಬಂದೂಕಿನ ಭಾಗ, ಫಿರಂಗಿ ಚೂರು, ಲಾಳ, ಬೀಡಿನ ಮೊಳೆ ಎಲ್ಲ ಕಬ್ಬಿಣವೇ ಅಲ್ವಾ?

ಹಳೇ ಸಿಪಾಯಿ
ಮಷಿನ್ ಮಾತು ಆಮೇಲೆ ಆಗಲಿ. ಜಗಲಿ ಮೇಲಿನ ಆ ಕಬ್ಬಿಣದ ಗುಂಡಿನ ವಿಷಯ ಮೊದಲು. ಅದನ್ನು ಯಾರೂ ಮುಟ್ಟಬೇಡಿ. ತೊಳೆಯಬೇಡಿ, ಕೆರೆಯಬೇಡಿ, ಕಾರಿನಲ್ಲಿ ಹಾಕಿಕೊಂಡು ಯಾರಿಗಾದರೂ ತೋರಿಸಲು ಹೋಗಬೇಡಿ. ಜಗಲಿ ಕಡೆ ಮಕ್ಕಳನ್ನು ಬಿಡಬೇಡಿ.

ಅದರ ಮೇಲೆ ಎಲ್ಲಾದರೂ ಒಂದು ತೂತು ಅಥವಾ ಬಿರಡೆ ತುರುಕಿದ ಗುರುತು ಇದೆಯಾ? ಇದಕ್ಕೆ ಉತ್ತರ ಹೇಳಲು ಹತ್ತಿರ ಹೋಗಬೇಡಿ. ಹಿಂದೆ ತೆಗೆದ ಫೋಟೋ ಇದ್ದರೆ ನೋಡಿ ಸಾಕು.

ಹೊಸಬ
ಫೋಟೋದಲ್ಲಿ ತೂತು ಕಾಣುತ್ತಿಲ್ಲ ಸರ್, ಬರೀ ತುಕ್ಕಿನ ಪದರ. ಆದರೆ ಅದು ಅಲ್ಲಿ ವರ್ಷಾನುಗಟ್ಟಲೆ ಬಿಸಿಲು ಮಳೆಯಲ್ಲಿ ಬಿದ್ದಿದೆಯಂತೆ. ಏನಾದರೂ ಆಗುವುದಿದ್ದರೆ ಇಷ್ಟು ಹೊತ್ತಿಗೆ ಆಗಬೇಕಿತ್ತು ಎನ್ನುತ್ತಾರೆ ಅವರು. ಮದ್ದು ನೆಂದು ಹಾಳಾಗಿರುವುದಿಲ್ವಾ?

ಹಳೇ ಸಿಪಾಯಿ
ಈ ಮಾತನ್ನು ನಾನು ತುಂಬಾ ಕೇಳಿದ್ದೇನೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಫಿರಂಗಿ ಗುಂಡುಗಳಲ್ಲಿ ಎರಡು ಜಾತಿ. ಪೂರ್ತಿ ಗಟ್ಟಿ ಕಬ್ಬಿಣದ್ದು ಒಂದು. ಒಳಗೆ ಟೊಳ್ಳು ಬಿಟ್ಟು ಮದ್ದು ತುಂಬಿದ್ದು ಇನ್ನೊಂದು. ಎರಡನೆಯದಕ್ಕೆ ಬತ್ತಿ ಅಥವಾ ಫ್ಯೂಸ್ ಇಡಲು ಒಂದು ತೂತು ಇರುತ್ತದೆ. ದಪ್ಪ ತುಕ್ಕು ಹಿಡಿದ ಮೇಲೆ ಆ ತೂತು ಮುಚ್ಚಿಹೋಗಿ ಎರಡೂ ಒಂದೇ ಥರ ಕಾಣುತ್ತವೆ. ತುಕ್ಕೇ ಬಿರಡೆಯಾಗಿ ಒಳಗೆ ನೀರು ಹೋಗದ ಹಾಗೆ ತಡೆಯುವುದೂ ಉಂಟು. ಕರಿಮದ್ದು ಎಂದರೆ ಉಪ್ಪಿನಕಾರ, ಇದ್ದಿಲು, ಗಂಧಕ. ಇದು ಬೇರೆ ಕೆಲವು ರಾಸಾಯನಿಕಗಳ ಹಾಗೆ ತಾನಾಗಿ ಕೊಳೆತು ಸತ್ತುಹೋಗುವುದಿಲ್ಲ. ನೆಂದಾಗ ಸುಮ್ಮನಿರುತ್ತದೆ, ಒಣಗಿದರೆ ಮತ್ತೆ ಹೊತ್ತಿಕೊಳ್ಳಬಹುದು. ನಿಮ್ಮ ಹಿರಿಯರು ಅದನ್ನು ಇಷ್ಟು ವರ್ಷ ಬಿಸಿಲಲ್ಲಿ ಒಣಗಿಸಿದ್ದಾರೆ ಅಂತಾಯಿತು.

2008ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಸಂಗ್ರಾಹಕರೊಬ್ಬರು ಅಂತರ್ಯುದ್ಧದ ಕಾಲದ ಫಿರಂಗಿ ಗುಂಡೊಂದನ್ನು ಶುಚಿ ಮಾಡುತ್ತಿದ್ದಾಗ ಅದು ಸಿಡಿದು ತೀರಿಕೊಂಡರು. ಆ ಯುದ್ಧ ಮುಗಿದದ್ದು 1865ರಲ್ಲಿ. ಅವರು ಹೊಸಬರೂ ಅಲ್ಲ, ಇಂಥ ಗುಂಡುಗಳನ್ನು ಶುಚಿ ಮಾಡಿ ಪಳಗಿದವರು. ಬೆಲ್ಜಿಯಂನ ಈಪ್ರ್ ಪಟ್ಟಣದಲ್ಲಿ 2014ರಲ್ಲಿ ಮೊದಲ ಮಹಾಯುದ್ಧದ ಶೆಲ್ (ಮದ್ದು ತುಂಬಿದ ಫಿರಂಗಿ ಗುಂಡು) ಸಿಡಿದು ಇಬ್ಬರು ಕೂಲಿಯವರು ಸತ್ತರು. ಅಲ್ಲಿಯ ಮತ್ತು ಉತ್ತರ ಫ್ರಾನ್ಸಿನ ರೈತರಿಗೆ ಪ್ರತಿ ಉಳುಮೆಗೂ ಶೆಲ್ ಸಿಗುತ್ತವೆ, ಅದಕ್ಕೆ "ಕಬ್ಬಿಣದ ಫಸಲು" ಎಂದೇ ಹೆಸರು. ಅದರಲ್ಲಿ ವಿಷಾನಿಲ ತುಂಬಿದವೂ ಇರುತ್ತವೆ. ಅವರು ಹೊಲದ ಅಂಚಿಗೆ ಇಟ್ಟು ಸೈನ್ಯಕ್ಕೆ ಫೋನ್ ಮಾಡುತ್ತಾರೆ. ದಿನಾ ನೋಡುವ ಅವರಿಗೇ ಇಷ್ಟು ಭಯ ಇದೆ.

ನೀವು ಪೊಲೀಸರಿಗೆ ಫೋನ್ ಮಾಡಿ. ಬಾಂಬ್ ನಿಷ್ಕ್ರಿಯ ದಳ ಬಂದು ನೋಡಲಿ. ಗಟ್ಟಿ ಗುಂಡಾಗಿದ್ದರೆ ಅವರೇ ಹೇಳುತ್ತಾರೆ.

ವಕೀಲನಲ್ಲ
ಸಿಪಾಯಿ ಸರ್ ಹೇಳಿದ್ದಕ್ಕೆ ನನ್ನದೊಂದು ಓಟು. ಈಗ ಕಾನೂನು.

ಹೊಸಬರೇ, ಹೊಲ ಯಾವ ದೇಶದಲ್ಲಿದೆ ಎಂದು ನೀವು ಹೇಳಿಲ್ಲ. ಹೇಳಬೇಕಿಲ್ಲ, ಬಹಿರಂಗವಾಗಿ ಜಾಗ ಹೇಳದಿರುವುದೇ ಒಳ್ಳೆಯದು. ಆದರೆ ಉತ್ತರ ಪೂರ್ತಿ ಅದರ ಮೇಲೆಯೇ ನಿಂತಿದೆ. ಮಾಲೀಕರು ಹೂಂ ಅಂದರೆ ಆಯಿತು ಎನ್ನುವ ದೇಶಗಳಿವೆ, ಅವರು ಹೂಂ ಅಂದರೂ ಜೈಲಿಗೆ ಹೋಗುವ ದೇಶಗಳೂ ಇವೆ.

ಇಂಗ್ಲೆಂಡಿನಲ್ಲಿ ಮಾಲೀಕರ ಒಪ್ಪಿಗೆ ಇದ್ದರೆ ಹುಡುಕಬಹುದು, ಸಂರಕ್ಷಿತ ಸ್ಮಾರಕದ ಜಾಗ ಆಗಿರಬಾರದು ಅಷ್ಟೇ. 1996ರ ಟ್ರೆಶರ್ ಆ್ಯಕ್ಟ್ ಪ್ರಕಾರ 'ನಿಧಿ' ಎನಿಸುವ ವಸ್ತು ಸಿಕ್ಕರೆ 14 ದಿನದೊಳಗೆ ನಿಧಿ, ಅಸಹಜ ಸಾವುಗಳ ವಿಚಾರಣೆ ಮಾಡುವ ಅಧಿಕಾರಿಯಾದ ಕೊರೋನರ್‌ಗೆ ತಿಳಿಸಬೇಕು. ಸೀಸದ ಗುಂಡು ಸಾಮಾನ್ಯವಾಗಿ ಅದರೊಳಗೆ ಬರುವುದಿಲ್ಲ. ಆದರೆ ಅಲ್ಲೇ ಇನ್ನೊಂದು ಕಾಯ್ದೆ ಇದೆ, 1986ರ ಸೇನಾ ಅವಶೇಷ ರಕ್ಷಣೆ ಕಾಯ್ದೆ. ನಿಮ್ಮದೇ ಹೊಲದಲ್ಲಿ ಯುದ್ಧ ವಿಮಾನ ಬಿದ್ದಿದ್ದರೂ ರಕ್ಷಣಾ ಇಲಾಖೆಯ ಲೈಸೆನ್ಸ್ ಇಲ್ಲದೆ ಅದನ್ನು ಅಗೆಯುವ ಹಾಗಿಲ್ಲ. ಸ್ಕಾಟ್ಲೆಂಡಿನಲ್ಲಿ ಲೆಕ್ಕವೇ ಬೇರೆ. ಅಲ್ಲಿ ಚಿನ್ನ ಬೆಳ್ಳಿ ಅಂತ ಭೇದವಿಲ್ಲ, ಹಳೇ ವಸ್ತು ಯಾವುದು ಸಿಕ್ಕರೂ ವರದಿ ಮಾಡಬೇಕು.

ಐರ್ಲೆಂಡಿನಲ್ಲಿ 1987ರಿಂದ ಲೈಸೆನ್ಸ್ ಇಲ್ಲದೆ ಪುರಾತನ ವಸ್ತು ಹುಡುಕಲು ಡಿಟೆಕ್ಟರ್ ಬಳಸುವುದೇ ಅಪರಾಧ. ಖಾಸಗಿ ಜಮೀನೂ ಸೇರಿ. ಫ್ರಾನ್ಸಿನಲ್ಲಿ ಮಾಲೀಕರ ಒಪ್ಪಿಗೆಯ ಜೊತೆ ಸರ್ಕಾರಿ ಅನುಮತಿಯೂ ಬೇಕು. ಅಮೆರಿಕದಲ್ಲಿ ಖಾಸಗಿ ಜಮೀನಿಗೆ ಸಡಿಲ, ಆದರೆ ಒಕ್ಕೂಟ ಸರ್ಕಾರದ ಮತ್ತು ಮೂಲನಿವಾಸಿಗಳ ಜಮೀನಿಗೆ 1979ರ ಪುರಾತತ್ವ ಸಂಪನ್ಮೂಲ ರಕ್ಷಣೆ ಕಾಯ್ದೆ ತುಂಬಾ ಬಿಗಿ. ಅಲ್ಲಿ ಎಷ್ಟೋ ರಣಭೂಮಿಗಳು ರಾಷ್ಟ್ರೀಯ ಉದ್ಯಾನಗಳಾಗಿವೆ, ಪಕ್ಕದಲ್ಲೇ ಖಾಸಗಿ ಹೊಲ. ಬೇಲಿ ದಾಟಿದರೆ ಕೇಸು. ಆ ಉದ್ಯಾನಗಳೊಳಗೆ ಡಿಟೆಕ್ಟರ್ ಇಟ್ಟುಕೊಂಡು ಓಡಾಡುವುದೇ ತಪ್ಪು.

ಭಾರತದಲ್ಲಿ 1878ರ ನಿಧಿ ಕಾಯ್ದೆ ಇನ್ನೂ ಇದೆ. ನೆಲದಲ್ಲಿ ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ಬರಹದಲ್ಲಿ ತಿಳಿಸಬೇಕು ಎನ್ನುತ್ತದೆ ಅದು. ಹತ್ತು ರೂಪಾಯಿ! ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆ ಇದೆ. ಜೊತೆಗೆ 1972ರ ಪುರಾತನ ವಸ್ತು ಕಾಯ್ದೆ: ನೂರು ವರ್ಷ ದಾಟಿದ ವಸ್ತುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ಅವನ್ನು ದೇಶದ ಹೊರಗೆ ಕಳಿಸುವ ಹಾಗೇ ಇಲ್ಲ. ಹಾಗಾಗಿ ಇಲ್ಲಿಯ ಹೊಲವಾಗಿದ್ದರೆ ಡಿಟೆಕ್ಟರ್ ಆರ್ಡರ್ ಮಾಡುವ ಮುಂಚೆಯೇ ಪುರಾತತ್ವ ಇಲಾಖೆಯ ಕಚೇರಿಗೆ ಹೋಗಿ ಬನ್ನಿ.

ಗುದ್ದಲಿ
ಎಲ್ಲರೂ ಸೇರಿ ಪಾಪ ಆ ಮನುಷ್ಯನನ್ನು ಹೆದರಿಸಿಬಿಟ್ಟಿರಿ. ಜಮೀನು ಅವರದ್ದು, ಅವರು ಒಪ್ಪಿದ್ದಾರೆ. ಆ ಗುಂಡುಗಳನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆ ಹೇಳಿ? ಟ್ರ್ಯಾಕ್ಟರ್ ಹೊಡೆಯುತ್ತದೆ, ಗೊಬ್ಬರದ ಉಪ್ಪು ತಿನ್ನುತ್ತದೆ, ಇನ್ನೊಂದು ಐವತ್ತು ವರ್ಷಕ್ಕೆ ಕಬ್ಬಿಣದ್ದೆಲ್ಲ ಬರೀ ಕೆಂಪು ಪುಡಿ. ಯಾವ ಇಲಾಖೆಯೂ ಬಂದು ಆ ಹೊಲ ಅಗೆಯುವುದಿಲ್ಲ. ಹವ್ಯಾಸಿ ಒಬ್ಬ ಎತ್ತಿ ಮನೆಯಲ್ಲಿ ಜೋಪಾನವಾಗಿ ಇಟ್ಟರೆ ಅದು ಉಳಿಯಿತು ಅಂತ ಅಲ್ವಾ? ಕಾನೂನು ಒಪ್ಪುವ ಕಡೆ ಇದರಲ್ಲಿ ತಪ್ಪೇನಿದೆ ನನಗೆ ಕಾಣುತ್ತಿಲ್ಲ.

ನಕ್ಷೆಹುಚ್ಚಿ
ಗುದ್ದಲಿ ಅವರೇ, ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಉಳುಮೆ ಹಾಳು ಮಾಡುತ್ತದೆ ಎನ್ನುವುದು ನಿಜ. ಆದರೆ "ಉಳಿಯಿತು" ಎಂದಿರಲ್ಲ, ಏನು ಉಳಿಯಿತು? ಸೀಸ ಉಳಿಯಿತು. ಅದು ಎಲ್ಲಿ ಬಿದ್ದಿತ್ತು ಎನ್ನುವುದು ಹೋಯಿತು. ಯುದ್ಧದ ಸಾಮಾನಿನಲ್ಲಿ ಕಥೆ ಇರುವುದು ಬಿದ್ದ ಜಾಗದಲ್ಲೇ.

ಒಂದು ಸೀಸದ ಗುಂಡು ಬರೀ ಗುಂಡು. ಅಂಥ ಇನ್ನೂರು ಗುಂಡುಗಳನ್ನು ನಕ್ಷೆ ಮೇಲೆ ಚುಕ್ಕಿ ಹಾಕಿ ನೋಡಿ. ಒಂದು ಕಡೆ ದುಂಡಗೆ ಇರುವವು ಸಾಲಾಗಿ ಬರುತ್ತವೆ. ಅವು ಕೈಜಾರಿ ಬಿದ್ದವು, ಸಿಪಾಯಿಗಳು ನಿಂತು ಬಂದೂಕು ತುಂಬುತ್ತಿದ್ದ ಜಾಗ. ಸ್ವಲ್ಪ ದೂರದಲ್ಲಿ ಚಪ್ಪಟೆಯಾದವು. ಅವು ಹಾರಿಸಿದವು, ಎದುರಿನವರು ಇದ್ದ ಕಡೆ. ಇನ್ನೊಂದು ಮೂಲೆಯಲ್ಲಿ ಕರಗಿದ ಸೀಸದ ಹನಿ, ಎರಕ ಹೊಯ್ದಾಗ ಗುಂಡಿಗೆ ಅಂಟಿಕೊಂಡು ಉಳಿಯುವ ಬಾಲ ಕತ್ತರಿಸಿದ ಚೂರು, ಅಂಗಿಯ ಗುಂಡಿ, ಬಕಲ್. ಅಲ್ಲಿ ಬೀಡು ಇತ್ತು, ರಾತ್ರಿ ಕೂತು ಗುಂಡು ಎರಕ ಹೊಯ್ದಿದ್ದಾರೆ. ಹೊಸಬರ ಹೊಲದಲ್ಲಿ ಚಪ್ಪಟೆಯಾದವೂ ಇವೆ ಎಂದಿದ್ದಾರೆ. ಅಂದರೆ ಬರೀ ಬೀಡಲ್ಲ, ಗುಂಡೂ ಹಾರಿರಬಹುದು. ಮನೆಯವರು ಹೇಳುವ ಕಥೆಗಿಂತ ಇದು ಬೇರೆ!

1984ರಲ್ಲಿ ಅಮೆರಿಕದ ಲಿಟ್ಲ್ ಬಿಗ್‌ಹಾರ್ನ್‌ನಲ್ಲಿ ಮಾಡಿದ್ದು ಇದನ್ನೇ. 1876ರಲ್ಲಿ ಮೂಲನಿವಾಸಿ ಯೋಧರ ಎದುರು ಅಮೆರಿಕ ಸೇನೆಯ ಅಧಿಕಾರಿ ಕಸ್ಟರ್ ಮತ್ತು ಅವನ ಜೊತೆಗಿದ್ದ ತುಕಡಿ ಪೂರ್ತಿ ಸತ್ತ ಜಾಗ. 1983ರಲ್ಲಿ ಕಾಡ್ಗಿಚ್ಚು ಬಂದು ಹುಲ್ಲೆಲ್ಲ ಸುಟ್ಟು ನೆಲ ಕಾಣಿಸಿತು. ಪುರಾತತ್ವದವರು ಹವ್ಯಾಸಿ ಡಿಟೆಕ್ಟರ್‌ನವರನ್ನೇ ಕರೆಸಿ ಸಾಲಾಗಿ ನಡೆಸಿದರು. ಸಿಕ್ಕ ಪ್ರತಿಯೊಂದಕ್ಕೂ ಗುರುತು. ಆಮೇಲೆ ತೋಟಾ ಕೊಳವೆಯ ತಳದಲ್ಲಿ ಫೈರಿಂಗ್ ಪಿನ್ ಬಿಟ್ಟ ಗುರುತನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಪೊಲೀಸರು ಕೊಲೆ ಕೇಸಿನಲ್ಲಿ ಮಾಡುತ್ತಾರಲ್ಲ, ಹಾಗೇ. ಒಂದೇ ಬಂದೂಕು ಗುಡ್ಡದ ಈ ಬದಿಯಿಂದ ಆ ಬದಿಗೆ ಹೋದದ್ದು ಗೊತ್ತಾಯಿತು. ಎದುರಾಳಿ ಯೋಧರ ಕೈಯಲ್ಲಿ ಎಷ್ಟು ಬಗೆಯ ಬಂದೂಕುಗಳಿದ್ದವು ಎನ್ನುವುದೂ ಗೊತ್ತಾಯಿತು. ಮುಂಚೆಯೇ ಯಾರೋ ಜೇಬಿಗೆ ಹಾಕಿಕೊಂಡು ಹೋಗಿದ್ದ ಕೊಳವೆಗಳಿಂದ ಇದೊಂದೂ ಗೊತ್ತಾಗುತ್ತಿರಲಿಲ್ಲ.

ಗುದ್ದಲಿ
ಮೇಡಂ, ಅದು ಸರ್ಕಾರಿ ಜಾಗ, ಹೆಸರಾದ ರಣಭೂಮಿ, ಹಿಂದೆ ದೊಡ್ಡ ತಂಡ. ಇಲ್ಲಿರುವುದು ಒಬ್ಬರ ಹೊಲ. ಹೋಲಿಕೆ ಸರಿಯಿಲ್ಲ.

ನಕ್ಷೆಹುಚ್ಚಿ
ಹಾಗಿದ್ದರೆ ಖಾಸಗಿ ಹೊಲದ್ದೇ ತಗೊಳ್ಳಿ. 1485ರ ಬಾಸ್ವರ್ತ್ ಯುದ್ಧ, ಇಂಗ್ಲೆಂಡಿನ ದೊರೆ ಮೂರನೇ ರಿಚರ್ಡ್ ಸತ್ತದ್ದು. ಜನ ಒಂದು ಗುಡ್ಡವನ್ನು ತೋರಿಸಿ ಇಲ್ಲೇ ಎನ್ನುತ್ತಿದ್ದರು, ಅಲ್ಲೇ ಪ್ರವಾಸಿ ಕೇಂದ್ರವನ್ನೂ ಕಟ್ಟಿದ್ದರು. 2005ರಿಂದ ಸುತ್ತಲಿನ ರೈತರ ಹೊಲಗಳಲ್ಲಿ ಡಿಟೆಕ್ಟರ್ ಹಾಕಿ ಹುಡುಕಿದರೆ ಸೀಸದ ಫಿರಂಗಿ ಗುಂಡುಗಳು ಸಿಕ್ಕಿದ್ದು ಅಲ್ಲಿಂದ ಸುಮಾರು 3 ಕಿ.ಮೀ. ದೂರದಲ್ಲಿ. ಜೊತೆಗೆ ಬೆಳ್ಳಿಗೆ ಚಿನ್ನದ ಲೇಪ ಹಾಕಿದ ಪುಟ್ಟ ಕಾಡುಹಂದಿ ಬಿಲ್ಲೆ. ಕಾಡುಹಂದಿ ರಿಚರ್ಡನ ಲಾಂಛನ. ಯಾರಾದರೂ ಹವ್ಯಾಸಿ ಆ ಬಿಲ್ಲೆಯನ್ನು ಮುಂಚೆಯೇ ಎತ್ತಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ? ಚಂದದ ಬಿಲ್ಲೆ ಅಷ್ಟೇ ಆಗಿರುತ್ತಿತ್ತು. ಯುದ್ಧ ತಪ್ಪು ಗುಡ್ಡದ ಮೇಲೇ ಇರುತ್ತಿತ್ತು.

ದೊಡ್ಡ ತಂಡ ಬೇಕೇಬೇಕು ಅಂತಲೂ ಇಲ್ಲ. ಜರ್ಮನಿಯ ಕಾಲ್ಕ್ರೀಸ ಗೊತ್ತಾ? ಕ್ರಿ.ಶ. 9ರಲ್ಲಿ ಮೂರು ರೋಮನ್ ದಳಗಳು ನಾಶವಾದ ಯುದ್ಧ. ಎಲ್ಲಿ ನಡೆಯಿತು ಎಂದು ವಿದ್ವಾಂಸರು ನೂರಾರು ವರ್ಷ ಜಗಳವಾಡಿದರು. 1987ರಲ್ಲಿ ಟೋನಿ ಕ್ಲನ್ ಎಂಬ ಬ್ರಿಟಿಷ್ ಸೇನಾಧಿಕಾರಿ, ನಮ್ಮ ಹಾಗೇ ಹವ್ಯಾಸಿ, ಅಲ್ಲಿಯ ಪುರಾತತ್ವ ಅಧಿಕಾರಿಯನ್ನು ಕೇಳಿಕೊಂಡೇ ಹುಡುಕಲು ಹೋದ. ಮೊದಲು ಬೆಳ್ಳಿ ನಾಣ್ಯಗಳು ಸಿಕ್ಕವು. ಆಮೇಲೆ ಕವಣೆಯಲ್ಲಿ ಬೀಸುವ ಸೀಸದ ಗುಂಡುಗಳು. ನಾಣ್ಯ ವ್ಯಾಪಾರಿಯದ್ದೂ ಇರಬಹುದು, ಕವಣೆ ಗುಂಡು ಸೈನಿಕನದ್ದೇ. ಅವನು ಎಲ್ಲವನ್ನೂ ಜಾಗದ ಸಮೇತ ಒಪ್ಪಿಸಿದ. ಯುದ್ಧ ಅಲ್ಲೇ ನಡೆದದ್ದು ಎಂದು ಈಗ ಬಹುಪಾಲು ಪರಿಣತರು ಒಪ್ಪುತ್ತಾರೆ.

ಗುದ್ದಲಿ
ಕ್ಲನ್ ಹವ್ಯಾಸಿಯೇ ಆಗಿದ್ದ ಎಂದು ನೀವೇ ಒಪ್ಪಿದಿರಿ, ಸಂತೋಷ. ಹವ್ಯಾಸಿಗಳು ಬೇಡ ಎನ್ನುವವರ ಮೇಲೆ ನನ್ನ ಸಿಟ್ಟು, ನಕ್ಷೆ ಮಾಡಿ ಎನ್ನುವವರ ಮೇಲಲ್ಲ. ಆದರೆ ಪ್ರತಿ ಮೊಳೆಗೂ ಚುಕ್ಕಿ ಹಾಕುತ್ತಾ ಕೂತರೆ ಒಂದು ಎಕರೆ ಮುಗಿಸಲು ಎಷ್ಟು ಕಾಲ ಬೇಕು?

ನಕ್ಷೆಹುಚ್ಚಿ
ತುಂಬಾ ಬೇಕು. ಯಾರು ಅವಸರ ಮಾಡಿದರು? :) ಹೊಲ ಎಲ್ಲಿಗೂ ಓಡಿಹೋಗುವುದಿಲ್ಲ.

ಫೋನಿನ ಜಿಪಿಎಸ್ ಸಾಕಾ ಎಂದು ಕೇಳುವವರಿದ್ದಾರೆ. ಬಯಲಿನಲ್ಲಿ ಸಾಮಾನ್ಯವಾಗಿ ಕೆಲವೇ ಮೀಟರ್ ಆಚೀಚೆ ಆಗುತ್ತದೆ. ಉತ್ತ ಹೊಲಕ್ಕೆ ಪರವಾಗಿಲ್ಲ, ನೇಗಿಲೇ ವಸ್ತುವನ್ನು ಅಷ್ಟಿಷ್ಟು ಎಳೆದಾಡಿರುತ್ತದೆ. ಪ್ರತಿ ವಸ್ತುವಿಗೆ ಒಂದು ಜಿಪ್ ಕವರ್, ಕವರ್ ಮೇಲೆ ಒಂದು ನಂಬರ್, ಅದೇ ನಂಬರ್ ಫೋನಿನಲ್ಲಿ ಜಾಗದ ಜೊತೆ, ಎಷ್ಟು ಆಳ ಎನ್ನುವುದೂ ಇರಲಿ. ಇಷ್ಟು ಮಾಡಿದರೆ ನಾಳೆ ಯಾರಾದರೂ ತಿಳಿದವರು ಅದನ್ನು ಬಳಸಿಕೊಳ್ಳಬಹುದು.

ಒಂದು ಗೆರೆ ಮಾತ್ರ ದಾಟಬೇಡಿ. ಉಳುಮೆಯ ಪದರ ಸಾಮಾನ್ಯವಾಗಿ 20ರಿಂದ 30 ಸೆಂ.ಮೀ. ಅದರ ಕೆಳಗಿನ ಮಣ್ಣಿನ ಬಣ್ಣವೇ ಬೇರೆ ಇರುತ್ತದೆ, ಗಟ್ಟಿಯಾಗಿಯೂ ಇರುತ್ತದೆ. ಸದ್ದು ಅದಕ್ಕಿಂತ ಕೆಳಗಿನಿಂದ ಬರುತ್ತಿದ್ದರೆ ನಿಲ್ಲಿಸಿ, ಗುರುತು ಹಾಕಿ, ಪುರಾತತ್ವದವರಿಗೆ ತಿಳಿಸಿ. ಅಲ್ಲಿರುವುದು ಕದಲದೆ ಕೂತದ್ದು. ಮೂಳೆ ಕಂಡರಂತೂ ಕೈ ತೆಗೆದು ಪೊಲೀಸರಿಗೆ ಹೇಳಿ. ಯಾರ ಮನೆಯ ಮಗನೋ ಏನೋ.

ಮೌನಿ
ಸುಮ್ನೆ ಓದುತ್ತಿದ್ದೆ, ಒಂದು ಸಣ್ಣ ಪ್ರಶ್ನೆ. "ಧಾರಾಳವಾಗಿ ಬಾ" ಎಂದು ಬಾಯಲ್ಲಿ ಹೇಳಿದ್ದಾರೆ. ಪರಿಚಯದವರ ಹತ್ತಿರ ಕಾಗದ ಕೇಳಿದರೆ ಮುಖ ಕೆಡುವುದಿಲ್ವಾ?

ವಕೀಲನಲ್ಲ
ಮುಖ ಕೆಡುವುದು ಕಾಗದ ಕೇಳಿದಾಗ ಅಲ್ಲ, ಬೆಲೆ ಬಾಳುವ ವಸ್ತು ಸಿಕ್ಕಾಗ. ಬರೀ ಸೀಸದ ಗುಂಡು ಸಿಗುತ್ತಿರುವವರೆಗೆ ಎಲ್ಲರೂ ಧಾರಾಳಿಗಳೇ. ಅಂಗಿಯ ಚಿನ್ನದ ಗುಂಡಿಯೊಂದು ಸಿಗಲಿ, ಆಮೇಲೆ ಅಣ್ಣತಮ್ಮಂದಿರೆಲ್ಲ ಬರುತ್ತಾರೆ.

ಅರ್ಧ ಪುಟ ಸಾಕು. ಯಾವ ಹೊಲ, ಯಾವಾಗಿಂದ ಯಾವಾಗಿನವರೆಗೆ, ಸಿಕ್ಕಿದ್ದು ಯಾರಿಗೆ, ಮಾರಿದರೆ ಪಾಲು ಹೇಗೆ, ಕಾನೂನಿನಂತೆ ತಿಳಿಸಬೇಕಾದ್ದನ್ನು ಯಾರು ತಿಳಿಸುತ್ತಾರೆ. ಅಗೆದ ಹಳ್ಳಗಳನ್ನು ಮುಚ್ಚುತ್ತೇನೆ ಎಂದೂ ಬರೆಯಿರಿ, ಅದು ಅವರ ಹಸುವಿನ ಕಾಲಿಗಾಗಿ. ಜಮೀನು ಗುತ್ತಿಗೆಗೆ ಕೊಟ್ಟಿದ್ದರೆ ಉಳುತ್ತಿರುವವರ ಒಪ್ಪಿಗೆಯೂ ಬೇಕು, ಇದನ್ನು ತುಂಬಾ ಜನ ಮರೆಯುತ್ತಾರೆ. ಹಕ್ಕುದಾರರು ನಾಲ್ಕು ಜನ ಇದ್ದರೆ ನಾಲ್ವರದ್ದೂ ಸಹಿ. ಆದರೆ ನೆನಪಿರಲಿ, ಕಾನೂನಿನ ಪ್ರಕಾರ ಸರ್ಕಾರಕ್ಕೆ ಸೇರಬೇಕಾದ್ದನ್ನು ನೀವಿಬ್ಬರೂ ಕಾಗದ ಬರೆದು ಹಂಚಿಕೊಳ್ಳುವ ಹಾಗಿಲ್ಲ.

ತುಕ್ಕುಮಾಮ
ಯಾರೂ ಶುಚಿ ಮಾಡುವ ಬಗ್ಗೆ ಹೇಳಲೇ ಇಲ್ಲ. ನನ್ನ ಸರದಿ. ಫಿರಂಗಿ ಗುಂಡನ್ನು ಬಿಟ್ಟು ಮಿಕ್ಕಿದ್ದಕ್ಕೆ ಮಾತ್ರ ಇದು.

ಸೀಸದ ಮೇಲಿನ ಬಿಳಿ ಬೂದಿಯ ಪದರವನ್ನು ಉಜ್ಜಬೇಡಿ. ಅದೇ ಒಳಗಿನ ಸೀಸವನ್ನು ಕಾಯುತ್ತಿರುವುದು. ಬರೀ ನೀರಿನಲ್ಲಿ ಮಣ್ಣು ತೊಳೆಯಿರಿ. ವಿನೆಗರ್ ಹಾಕಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಅಸಿಟಿಕ್ ಆಮ್ಲ ಸೀಸವನ್ನು ತಿನ್ನುತ್ತದೆ. ಅದರ ಆವಿ ಸಾಕು. ಓಕ್ ಮರದ ಪೆಟ್ಟಿಗೆಯಲ್ಲಿ ಇಟ್ಟ ಸೀಸ ಪುಡಿಪುಡಿಯಾಗುವುದು ಮ್ಯೂಸಿಯಂನವರಿಗೆ ಹಳೇ ತಲೆನೋವು, ಆ ಮರವೇ ಆಮ್ಲದ ಆವಿ ಬಿಡುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ. ಕೈಗೆ ಗ್ಲೌಸ್ ಇರಲಿ, ಮುಟ್ಟಿದ ಮೇಲೆ ಕೈ ತೊಳೆಯದೆ ಏನೂ ತಿನ್ನಬೇಡಿ. ಸೀಸ ವಿಷ.

ಹಿತ್ತಾಳೆ ಗುಂಡಿಗಳ ಮೇಲೆ ಚಿನ್ನದ ಲೇಪ ಇರುವುದುಂಟು, ಕೂದಲೆಳೆಗಿಂತ ತೆಳು. ಹೊಲದಲ್ಲೇ ಬೆರಳಿನಿಂದ ಉಜ್ಜಿ ನೋಡುವ ಚಟ ಇದೆಯಲ್ಲ, ಲೇಪ ಅಲ್ಲೇ ಹೋಗುತ್ತದೆ. ಮಣ್ಣಿನ ಸಮೇತ ಮನೆಗೆ ತನ್ನಿ. ಗುಂಡಿಯ ಹಿಂಬದಿಯಲ್ಲಿ ತಯಾರಕರ ಹೆಸರು ಒತ್ತಿರಬಹುದು, ಕಾಲ ಹೇಳಲು ಅದೇ ದೊಡ್ಡ ಆಧಾರ.

ಕಬ್ಬಿಣ ಕಷ್ಟ. ನೆಲದಲ್ಲಿ ಇದ್ದಷ್ಟು ದಿನ ನಿಧಾನವಾಗಿ ಸವೆಯುತ್ತದೆ, ಹೊರಗೆ ಬಂದ ಮೇಲೆ ಒಳಗಿನ ಉಪ್ಪಿನ ಅಂಶ ಗಾಳಿ ಕುಡಿದು ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ವಾಷಿಂಗ್ ಸೋಡಾ ನೀರಿನಲ್ಲಿ ಕಡಿಮೆ ಕರೆಂಟ್ ಹಾಯಿಸಿ ಎಲೆಕ್ಟ್ರೋಲಿಸಿಸ್ ಮಾಡುವವರಿದ್ದಾರೆ. ಮಾಡುವುದಾದರೆ ಸ್ಟೇನ್‌ಲೆಸ್ ಸ್ಟೀಲನ್ನು ಆನೋಡ್ (ಪ್ಲಸ್ ಕಡೆಯ ತಗಡು) ಆಗಿ ಬಳಸಲೇಬೇಡಿ, ವಿಷಕಾರಿ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಪೂರ್ತಿ ತುಕ್ಕಾಗಿ ಒಳಗೆ ಲೋಹವೇ ಉಳಿಯದ ವಸ್ತುವನ್ನು ಅದರಲ್ಲಿ ಹಾಕಿದರೆ ಕೆಸರು ಮಾತ್ರ ಸಿಗುತ್ತದೆ. ಅನುಮಾನ ಇದ್ದರೆ ತೇವ ಹೀರುವ ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟು ತಿಳಿದವರಿಗೆ ತೋರಿಸಿ.

ಬೀಪ್‌ಬೀಪ್
ಹೊಸಬರೇ, ಮನೆಯಲ್ಲಿ ಈಗಾಗಲೇ ಇರುವ ಸೀಸದ ಗುಂಡುಗಳನ್ನು ಚಿಕ್ಕ ತಕ್ಕಡಿಯಲ್ಲಿ ತೂಗಿ ನೋಡಿ. ಚಪ್ಪಟೆಯಾದರೂ, ಚೂರು ಹಾರಿಹೋಗಿಲ್ಲದಿದ್ದರೆ, ತೂಕ ಹೆಚ್ಚು ಕಮ್ಮಿ ಅಷ್ಟೇ ಇರುತ್ತದೆ. 30 ಗ್ರಾಂ ತೂಗುವ ಸೀಸದ ಗುಂಡಿನ ವ್ಯಾಸ 17 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಬ್ರಿಟಿಷರ ಬ್ರೌನ್ ಬೆಸ್ ಎಂಬ ಮಸ್ಕೆಟ್ಟಿನ (ಹಳೇ ಕಾಲದ ಉದ್ದ ಬಂದೂಕು) ನಳಿಗೆ 19 ಮಿ.ಮೀ. ಆಸುಪಾಸು, ಬೇಗ ತುಂಬಲಿ ಎಂದು ಗುಂಡನ್ನು ಅದಕ್ಕಿಂತ ಸಣ್ಣದಾಗಿಯೇ ಎರೆಯುತ್ತಿದ್ದರು. ಫ್ರೆಂಚರ ಮಸ್ಕೆಟ್ಟಿಗೆ ಇನ್ನೂ ಸಣ್ಣದು. ತುಂಬಾ ಸಣ್ಣದಿದ್ದರೆ ಪಿಸ್ತೂಲಿನದ್ದೋ, ಬೇಟೆಯದ್ದೋ. ಗುಂಡು ಉದ್ದಗೆ, ಮೂತಿ ಚೂಪಾಗಿ, ತಳದಲ್ಲಿ ಹಳ್ಳ ಇದ್ದರೆ ಅದು ಮಿನಿಯೆ ಜಾತಿ, 1840ರ ದಶಕದ ಕೊನೆಯಿಂದ ಈಚಿನದು. ಹಾರಿಸಿದಾಗ ತಳ ಹಿಗ್ಗಿ ನಳಿಗೆಯೊಳಗಿನ ಸುರುಳಿ ಗೀರುಗಳಿಗೆ ಕಚ್ಚಿಕೊಳ್ಳುತ್ತಿತ್ತು.

ಹಲ್ಲಿನ ಗುರುತು ಇರುವ ಗುಂಡೂ ಸಿಗಬಹುದು. ಗಾಯಗೊಂಡ ಸಿಪಾಯಿ ನೋವು ತಡೆಯಲು ಕಚ್ಚಿದ್ದು ಎಂದು ಕಥೆ ಕಟ್ಟಿ ಮಾರುತ್ತಾರೆ. ಬಹಳಷ್ಟು ಸಲ ಕಚ್ಚಿದ್ದು ಹಂದಿ.

ಹೊಸಬ
ಎಲ್ಲರಿಗೂ ಥ್ಯಾಂಕ್ಸ್. ಸುದ್ದಿ ಹೇಳುತ್ತೇನೆ. ಪೊಲೀಸರಿಗೆ ಫೋನ್ ಮಾಡಿಸಿದೆ. ದಳದವರು ಬಂದು ಮನೆಯವರನ್ನೆಲ್ಲ ದೂರ ಕಳಿಸಿ, ಆ ಗುಂಡನ್ನು ಮರಳಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೋದರು. ತುಕ್ಕಿನ ಕೆಳಗೆ ಬಿರಡೆಯ ಅಂಚು ಕಂಡಿತಂತೆ. ಹಿರಿಯರು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು, ಅವರ ಅಪ್ಪನ ಕಾಲದಿಂದ ಇದ್ದ ಗುಂಡು ಹೋಯಿತಲ್ಲ ಎಂದು. ಈಗ ಸರಿಯಾಗಿದ್ದಾರೆ. ಕಾಗದಕ್ಕೆ ಅವರೂ ಅವರ ತಮ್ಮನೂ ಸಹಿ ಹಾಕಿದರು. ಪುರಾತತ್ವ ಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದೇನೆ, ಅನುಮತಿ ಬಂದ ಮೇಲೆಯೇ ಶುರು. ಅಲ್ಲಿಯ ಒಬ್ಬರು ಮೊದಲ ದಿನ ತಾವೂ ಬಂದು ನೋಡುತ್ತೇನೆ ಅಂದಿದ್ದಾರೆ.

ಗುಂಡುಗಳು 29ರಿಂದ 31 ಗ್ರಾಂ ಇವೆ. ಒಂದು ಮಾತ್ರ 13.

ಕೊಯ್ಲು ಮುಗಿದ ಮೇಲೆ ಹೊಲ ಖಾಲಿ. ಎಲ್ಲಿಂದ ಶುರುಮಾಡಲಿ? ಗುಂಡು ಜಾಸ್ತಿ ಸಿಕ್ಕ ಮೂಲೆಯಿಂದಲಾ?

ನಕ್ಷೆಹುಚ್ಚಿ
ಬೇಡ. ಜಾಸ್ತಿ ಸಿಕ್ಕ ಮೂಲೆಯಲ್ಲೇ ಹುಡುಕಿದರೆ ಅಲ್ಲೇ ಜಾಸ್ತಿ ಸಿಗುತ್ತದೆ, ನಕ್ಷೆ ಸುಳ್ಳು ಹೇಳುತ್ತದೆ. ಹೊಲದ ಒಂದು ಅಂಚಿನಿಂದ ದಾರ ಕಟ್ಟಿ ಎರಡೆರಡು ಮೀಟರ್ ಪಟ್ಟಿ ಮಾಡಿಕೊಳ್ಳಿ. ಎಲ್ಲ ಪಟ್ಟಿಯಲ್ಲೂ ಒಂದೇ ವೇಗ, ಒಂದೇ ಸೆಟ್ಟಿಂಗ್. ಏನೂ ಸಿಗದ ಪಟ್ಟಿಯನ್ನೂ ಬರೆದಿಡಿ. ಗುಂಡು ಬೀಳದ ಜಾಗ ಎಲ್ಲಿ ಎನ್ನುವುದೂ ಬೇಕು. ಆ 13 ಗ್ರಾಮಿನದ್ದು ಯಾವ ಮೂಲೆಯದ್ದು ಎಂದು ಹಿರಿಯರಿಗೆ ನೆನಪಿದೆಯಾ ಕೇಳಿ. ಪಿಸ್ತೂಲಿನದ್ದಾಗಿದ್ದರೆ ಅಧಿಕಾರಿಯೋ ಕುದುರೆ ಸವಾರನೋ ಅಲ್ಲಿದ್ದ.

ಬೀಪ್‌ಬೀಪ್
ಕಾಯಿಲನ್ನು ನೆಲಕ್ಕೆ ಸಮನಾಗಿ ಹಿಡಿದು ನಿಧಾನವಾಗಿ ಬೀಸಿ. ಪ್ರತಿ ಬೀಸೂ ಹಿಂದಿನದ್ದರ ಮೇಲೆ ಅರ್ಧ ಬರಬೇಕು. ಕಬ್ಬಿಣದ ಚೂರು ಒತ್ತೊತ್ತಾಗಿ ಇರುವ ಕಡೆ ಸಣ್ಣ ಕಾಯಿಲ್ ಹಾಕಿ. ದೊಡ್ಡ ಕಾಯಿಲ್‌ಗೆ ಹತ್ತು ಮೊಳೆಯ ಸದ್ದೂ ಒಂದೇ ಸಲ ಕೇಳಿ, ಮಧ್ಯದ ಗುಂಡು ಮುಚ್ಚಿಹೋಗುತ್ತದೆ. ಮೊದಲ ಸುತ್ತಿನಲ್ಲಿ ಅಗೆಯಬೇಡಿ, ಸದ್ದು ಬಂದ ಕಡೆ ಬಾವುಟ ಚುಚ್ಚಿಕೊಂಡು ಹೋಗಿ. ಹೆಡ್‌ಫೋನ್ ಇರಲಿ, ಆಳದ ಸದ್ದು ಪಿಸುಗುಟ್ಟಿದ ಹಾಗೆ ಬರುತ್ತದೆ.

ಗುದ್ದಲಿ
ಬಾವುಟ ಅಂದರು, ಆದರೆ ಅಂಗಡಿಯಲ್ಲಿ ಸಿಗುವ ತಂತಿ ಬಾವುಟ ತರಬೇಡಿ. ಡಿಟೆಕ್ಟರ್ ನಿಮ್ಮ ಬಾವುಟಕ್ಕೇ ಕೂಗುತ್ತಾ ಕೂರುತ್ತದೆ. ಬಿದಿರು ಕಡ್ಡಿಗೆ ಬಟ್ಟೆ ಕಟ್ಟಿ. ಮೂತಿಗೆ ಉಕ್ಕು ಹಾಕಿದ ಶೂ ಕೂಡ ಬೇಡ, ರಬ್ಬರ್ ಬೂಟು ಹಾಕಿ. ಸಂಜೆ ಹೊರಡುವಾಗ ಕಡ್ಡಿ ಎಣಿಸಿಕೊಂಡು ಎತ್ತಿಡಿ, ಮುಂದಿನ ಸಲ ಹಿರಿಯರು ಉಳುವಾಗ ಬೈಯಬಾರದಲ್ಲ. ಆ ನಕ್ಷೆ ತಯಾರಾದ ಮೇಲೆ ಇಲ್ಲಿ ಹಾಕಿ. ಮೇಡಂ ಹೇಳಿದ ಸಾಲು ನಿಜವಾಗಲೂ ಬರುತ್ತದಾ ನಾನೂ ನೋಡಬೇಕು. ಊರ ಹೆಸರು ಅಳಿಸಿ ಹಾಕಿ, ಇಲ್ಲದಿದ್ದರೆ ರಾತ್ರಿ ಟಾರ್ಚ್ ಹಿಡಿದು ಬರುವವರು ಬೇರೆ ಇದ್ದಾರೆ.